ಗಡಿ ಗುಡ್ಡದ ಹಳೇ ಜಿಪ್ಸಿ: ಇಂಜಿನ್ ಗಟ್ಟಿ, ತುಕ್ಕು-ಕಾಗದದ್ದೇ ಚಿಂತೆ!

ತಿರುನೆಲ್ಲಿ: ಕುಟ್ಟದಿಂದ ತೋಲ್ಪೆಟ್ಟಿ ದಾಟಿ ಮಾನಂದವಾಡಿಗೆ ಹೋಗುವ ದಾರಿಯಲ್ಲಿ ತೆಟ್ಟು ರೋಡ್ ಬಳಿ ತಿರುಗಿದರೆ ಬ್ರಹ್ಮಗಿರಿಯ ಬುಡದ ತಿರುನೆಲ್ಲಿಗೆ ರಸ್ತೆ. ಕಾಡಿನ ನಡುವೆ ಸಾಗುವ ಈ ರಸ್ತೆಯಲ್ಲಿ ಬಸ್ಸು, ಬಾಡಿಗೆ ಜೀಪು, ಯಾತ್ರಿಕರ ಕಾರುಗಳ ಮಧ್ಯೆ ಆಗಾಗ ಚೌಕ ಮೂತಿಯ, ಎತ್ತರ ಮೈಯ, ಬಟ್ಟೆ ಹುಡ್ಡಿನ ಗಾಡಿಯೊಂದು ಕಣ್ಣಿಗೆ ಬೀಳುತ್ತದೆ. ಅದೇ ಮಾರುತಿ ಜಿಪ್ಸಿ. ಒಂದು ಕಾಲಕ್ಕೆ ಅರಣ್ಯ ಇಲಾಖೆ, ಪೊಲೀಸ್, ಸೇನೆ, ಕಾಫಿ ತೋಟ ಎಲ್ಲೆಲ್ಲೂ ಇದ್ದ ಈ ಗಾಡಿ ಈಗ ಹಳೇ ವಾಹನ ಪ್ರಿಯರ ಅಂಗಳ ಸೇರುತ್ತಿದೆ.

2019ರಲ್ಲಿ ಜನಸಾಮಾನ್ಯರಿಗೆ ಇದರ ಮಾರಾಟ ನಿಂತಿತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯೂ ರದ್ದಾಗತೊಡಗಿತು. ಹೊಸ ಗಾಡಿ ಬರುವುದಿಲ್ಲ, ಹಳೆಯದು ಹರಾಜಿಗೂ ಸಿಗುವುದಿಲ್ಲ ಎಂಬ ಸ್ಥಿತಿ. ಹಾಗಾಗಿ ಈಗ ಗಡಿಯ ಎರಡೂ ಕಡೆ ಖಾಸಗಿಯವರ ಕೈಯಲ್ಲಿರುವ ಜಿಪ್ಸಿಗಳೇ ಉಳಿಯುವ ಜಿಪ್ಸಿಗಳು. ಅವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಇಲ್ಲಿನ ಮಾಲೀಕರ ಮುಂದಿರುವ ಪ್ರಶ್ನೆ. ಇಂಜಿನ್ ಬಗ್ಗೆ ಯಾರಿಗೂ ಅಷ್ಟು ಹೆದರಿಕೆಯಿಲ್ಲ. ಹೆದರಿಕೆ ಇರುವುದು ಎರಡಕ್ಕೆ. ಒಂದು ತುಕ್ಕು, ಇನ್ನೊಂದು ಕಾಗದ.

ಜಪಾನಿನ ಕೂಸು

ಜಪಾನಿನ ಹಳೇ ಸ್ಪೋರ್ಟ್ಸ್ ಕಾರು ಎಂದರೆ ಹೊರದೇಶದವರಿಗೆ 1969ರ ಡಾಟ್ಸನ್ 240ಝಡ್, 1970ರ ಟೊಯೊಟಾ ಸೆಲಿಕಾ, 1989ರ ಮಜ್ದಾ ಮಿಯಾಟಾ ನೆನಪಾಗುತ್ತವೆ. ಆಮದಿನ ಮೇಲೆ ಬಿಗಿ ನಿರ್ಬಂಧ, ಭಾರೀ ಸುಂಕ ಇದ್ದ ಆ ದಿನಗಳಲ್ಲಿ ಅಂಥ ಕಾರು ಭಾರತಕ್ಕೆ ಬಂದದ್ದೇ ಅಪರೂಪ. ನಮ್ಮ ಗುಡ್ಡಗಾಡಿಗೆ ಜಪಾನಿನಿಂದ ಬಂದ ‘ಓಟದ ಗಾಡಿ’ ಎಂದರೆ ಜಿಪ್ಸಿಯೇ.

ಇದರ ಮೂಲ ಜಪಾನಿನ ಸುಜುಕಿ ಕಂಪನಿಯ ಜಿಮ್ನಿ. ಹೋಪ್ ಎಂಬ ಸಣ್ಣ ಕಂಪನಿ ತಯಾರಿಸಿದ್ದ ಪುಟ್ಟ ನಾಲ್ಕು ಚಕ್ರ ಚಾಲನೆಯ ಗಾಡಿಯ ಹಕ್ಕನ್ನು ಕೊಂಡ ಸುಜುಕಿ, ಅದನ್ನು ತಿದ್ದಿ 1970ರಲ್ಲಿ ಮೊದಲ ಜಿಮ್ನಿಯನ್ನು ಮಾರುಕಟ್ಟೆಗೆ ತಂದಿತು. ಅದರ ಇಂಜಿನ್ ಕೇವಲ 359 ಸಿ.ಸಿ.ಯದ್ದು, ಟೂ ಸ್ಟ್ರೋಕ್. 1980ರ ದಶಕದ ಆರಂಭದಲ್ಲಿ ಬಂದ ಎಸ್‌ಜೆ410 ಮಾದರಿಯೇ ನಮ್ಮ ಜಿಪ್ಸಿಯ ನೇರ ಹಿರಿಯ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಅದಾಗಿ ಎರಡು ವರ್ಷಕ್ಕೆ, 1985ರ ಡಿಸೆಂಬರ್‌ನಲ್ಲಿ ಗುರಗಾಂವ್ ಕಾರ್ಖಾನೆಯಿಂದ ಜಿಪ್ಸಿ ಬಂತು. ಇಂಜಿನ್ 970 ಸಿ.ಸಿ. ಪೆಟ್ರೋಲ್, ನಾಲ್ಕು ಗೇರು, ಶಕ್ತಿ 45 ಅಶ್ವಶಕ್ತಿ.

1993ರಲ್ಲಿ ಎಡ-ಬಲ ಚಕ್ರಗಳ ನಡುವಿನ ಅಂತರ ಹೆಚ್ಚಿಸಿದ ಮಾದರಿ ಬಂತು. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ಗೆ 1298 ಸಿ.ಸಿ. ಇಂಜಿನ್, ಐದು ಗೇರು, 60 ಅಶ್ವಶಕ್ತಿ. 2000ದ ಸುಮಾರಿಗೆ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂತು, ಶಕ್ತಿ 80ಕ್ಕೆ ಏರಿತು. ಹೊರ ರೂಪ ಮಾತ್ರ ಕೊನೆಯವರೆಗೂ ಹೆಚ್ಚು ಕಡಿಮೆ ಹಾಗೇ ಉಳಿಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ಮುಖ ಹೊತ್ತು ಓಡಿದ ಗಾಡಿ ದೇಶದಲ್ಲಿ ಹೆಚ್ಚಿಲ್ಲ.

2023ರ ಜೂನ್‌ನಲ್ಲಿ ಮಾರುತಿ ಕಂಪನಿ ಐದು ಬಾಗಿಲಿನ ಹೊಸ ಜಿಮ್ನಿಯನ್ನು ಬಿಟ್ಟಿತು. ಅದರದು 1.5 ಲೀಟರ್ ಇಂಜಿನ್, ಕಾಯಿಲ್ ಸ್ಪ್ರಿಂಗ್. ವಂಶ ಒಂದೇ ಆದರೂ ಅದೇ ಬೇರೆ, ಇದೇ ಬೇರೆ. ಹಳೇ ಜಿಪ್ಸಿಯನ್ನು ಕಂಡು ಬೆಳೆದವರಿಗೆ ಹೊಸದು ಅದರ ಜಾಗ ತುಂಬಿಲ್ಲ.

12ಕ್ಕೆ 12!

ಗಡಿಯ ಸ್ವಾರಸ್ಯವೊಂದಿದೆ. ಕೊಡಗಿನ ವಾಹನಗಳ ನೋಂದಣಿ ಸಂಖ್ಯೆ ಕೆಎ-12. ವಯನಾಡಿನದು ಕೆಎಲ್-12. ಮಾನಂದವಾಡಿಗೆ ಕೆಎಲ್-72, ಸುಲ್ತಾನ್ ಬತ್ತೇರಿಗೆ ಕೆಎಲ್-73 ಬಂದದ್ದು ಆಮೇಲೆ. ಕುಟ್ಟ ಪೇಟೆಯಲ್ಲಿ ಎರಡು ಹಳೇ ಜಿಪ್ಸಿ ಅಕ್ಕಪಕ್ಕ ನಿಂತರೆ ಒಂದು ಅಕ್ಷರ ಬಿಟ್ಟು ಉಳಿದದ್ದೆಲ್ಲ ಒಂದೇ!

ಈ ಎರಡು ‘12’ಗಳ ನಾಡಿಗೆ ಜಿಪ್ಸಿ ಒಗ್ಗಿದ್ದಕ್ಕೆ ಕಾರಣ ಅದರ ಭಾರ. ಸುಮಾರು ಒಂದು ಟನ್ ತೂಗುವ ಗಾಡಿ ಇದು. ಕೆಸರಿನಲ್ಲಿ ಭಾರದ ಗಾಡಿ ಹೂತುಹೋಗುವ ಕಡೆ ಹಗುರ ಗಾಡಿ ತೇಲಿದಂತೆ ದಾಟುತ್ತದೆ. ಮಳೆಗಾಲದಲ್ಲಿ ಕಾಫಿ ತೋಟದ ಮಣ್ಣು ರಸ್ತೆ, ಕಡಿದಾದ ಏರು, ಚಿಕ್ಕ ತಿರುವು ಇವಕ್ಕೆಲ್ಲ ಅದು ಹೇಳಿ ಮಾಡಿಸಿದ ಗಾತ್ರದ್ದು. ಸಾಮಾನ್ಯ ರಸ್ತೆಯಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ಬೇಕೆಂದಾಗ ಚಿಕ್ಕ ಲಿವರ್ ಎಳೆದರೆ ಮುಂದಿನವೂ ಜೊತೆಗೂಡುತ್ತವೆ. ಇನ್ನೂ ಕಷ್ಟದ ಜಾಗಕ್ಕೆ ‘ಲೋ’ ಗೇರ್ ಇದೆ. ಗಾಡಿ ಆಮೆಯಂತೆ ನಿಧಾನ, ಆದರೆ ಎಳೆತ ಆನೆಯದು.

ಓಟದಲ್ಲೂ ಜಿಪ್ಸಿ ಹೆಸರು ಮಾಡಿದ ಗಾಡಿ. 1990ರ ದಶಕದ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಹರಿ ಸಿಂಗ್ ಅವರ ಹೆಸರು ಜಿಪ್ಸಿಯ ಜೊತೆಗೇ ಕೇಳಿಬರುತ್ತಿತ್ತು. 1999ರಲ್ಲಿ ಆರಂಭವಾದ ‘ರೇಡ್ ಡಿ ಹಿಮಾಲಯ’ದಲ್ಲೂ ಜಿಪ್ಸಿಗಳದೇ ಕಾರುಬಾರು. ದಕ್ಷಿಣ ಕೊಡಗಿನಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್‌ಗಳಲ್ಲಿ ಧೂಳೆಬ್ಬಿಸಿ ತಿರುಗುವ ಜಿಪ್ಸಿ ನೋಡಲೆಂದೇ ಜನ ಸೇರುವುದುಂಟು. ಇದೇ ವಂಶದ, ಹೊರದೇಶದಲ್ಲಿ ಸಮುರಾಯ್ ಎಂಬ ಹೆಸರಿನ ಗಾಡಿಯೊಂದನ್ನು ಮಾರ್ಪಡಿಸಿ 2007ರ ಏಪ್ರಿಲ್‌ನಲ್ಲಿ ಚಿಲಿ ದೇಶದ ಇಬ್ಬರು ಓಹೋಸ್ ದೆಲ್ ಸಲಾದೊ ಜ್ವಾಲಾಮುಖಿ ಪರ್ವತದಲ್ಲಿ 6,688 ಮೀಟರ್ ಎತ್ತರಕ್ಕೆ ಹತ್ತಿಸಿ ವಿಶ್ವದಾಖಲೆ ಮಾಡಿದ್ದರು.

ಆಟಕ್ಕಷ್ಟೇ ಅಲ್ಲ, ಆಪತ್ತಿಗೂ ಇಂಥ ಗಾಡಿ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2024ರ ಜುಲೈ 30ರಂದು ವಯನಾಡಿನ ಮುಂಡಕೈ-ಚೂರಲ್‌ಮಲ ಕೊಚ್ಚಿಹೋದಾಗ ಮಾಮೂಲಿ ಕಾರು ಹೋಗದ ಕಡೆಗೆ ಊಟ, ಔಷಧಿ, ಜನರನ್ನು ಮುಟ್ಟಿಸಲು ನೆರವಾದದ್ದು ನಾಲ್ಕು ಚಕ್ರ ಚಾಲನೆಯ ಖಾಸಗಿ ಗಾಡಿಗಳು. ಹಳೇ ಗಾಡಿ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಬರೀ ಶೋಕಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೊದಲ ಶತ್ರು ತುಕ್ಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ, ಆಮೇಲೆ ಇಬ್ಬನಿ, ವರ್ಷವಿಡೀ ಕಾಡಿನ ತೇವ. ಬ್ರಹ್ಮಗಿರಿಯ ಎರಡೂ ಮಗ್ಗುಲಿನ ಹವೆ ಕಬ್ಬಿಣಕ್ಕೆ ಆಗಿಬರುವಂಥದ್ದಲ್ಲ. ಜಿಪ್ಸಿಯ ಮೈ ತೆಳು ತಗಡಿನದು. ಹೊರಗೆ ಹೊಳೆಯುವ ಪೇಂಟ್ ಇದ್ದರೂ ಒಳಗೆ ತಗಡು ಹಪ್ಪಳವಾಗಿರುವುದುಂಟು.

ತುಕ್ಕು ಹಿಡಿಯುವ ಜಾಗಗಳು ಹೆಚ್ಚು ಕಡಿಮೆ ಎಲ್ಲ ಜಿಪ್ಸಿಗಳಲ್ಲೂ ಒಂದೇ. ಡ್ರೈವರ್ ಕಾಲಿಡುವ ನೆಲ, ಮುಂದಿನ ಗಾಜಿನ ಚೌಕಟ್ಟಿನ ಬುಡ, ಬಾಗಿಲುಗಳ ಕೆಳ ಅಂಚು, ಹಿಂಬಾಗಿಲಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಮೈಯನ್ನು ಚಾಸಿಗೆ ಕೂರಿಸುವ ಬೋಲ್ಟುಗಳ ಸುತ್ತ. ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ ಮೇಲೆ ಕಾರ್ಪೆಟ್ ಹಾಕಿದವರಿಗೆ ಮೋಸ ಗೊತ್ತಾಗುವುದೇ ತಡವಾಗಿ. ಕೆಸರು ಕಾಲಿನಿಂದ ಇಳಿದ ನೀರು ಮ್ಯಾಟಿನಡಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ದುರಸ್ತಿಯಲ್ಲಿ ಎರಡು ದಾರಿ. ಒಂದು ಸುಲಭದ್ದು: ತುಕ್ಕಿನ ಮೇಲೆ ಪಟ್ಟಿ ಮೆತ್ತಿ, ಉಜ್ಜಿ, ಪೇಂಟ್ ಹೊಡೆಯುವುದು. ನೋಡಲು ಚಂದ, ಒಂದೆರಡು ಮಳೆಗಾಲಕ್ಕೆ ಗುಳ್ಳೆ ಎದ್ದು ಉದುರುತ್ತದೆ. ಇನ್ನೊಂದು ಕಷ್ಟದ್ದು: ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತಗಡು ಬಗ್ಗಿಸಿ ವೆಲ್ಡ್ ಮಾಡಿ, ಎರಡೂ ಬದಿಗೆ ತುಕ್ಕು ತಡೆಯುವ ಪ್ರೈಮರ್ ಹೊಡೆದು, ಸಂದುಗಳಿಗೆ ಸೀಲರ್ ತುಂಬುವುದು. ಬೆಸುಗೆಯ ಹಿಂಬದಿ ಬಿಟ್ಟರೆ ತುಕ್ಕು ಅಲ್ಲಿಂದಲೇ ಮತ್ತೆ ಶುರು. ಒಳ್ಳೆ ಟಿಂಕರಿಂಗ್ ಕೆಲಸಗಾರ ಸಿಕ್ಕಿದರೆ ಅರ್ಧ ಗಾಡಿ ಉಳಿದಂತೆ.

ಚಾಸಿಯ ವಿಚಾರ ಇನ್ನೂ ಗಂಭೀರ. ಇಂಜಿನ್ ಬಿಚ್ಚಿ ಕಟ್ಟಬಹುದು, ಗೇರ್ ಬಾಕ್ಸ್ ಬೇರೆ ತರಬಹುದು, ಚಾಸಿ ಕೊಳೆತರೆ ಮಾತ್ರ ಗಾಡಿಯ ಬೆನ್ನುಮೂಳೆಯೇ ಹೋದಂತೆ. ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್ಟುಗಳ ಸುತ್ತ, ಅಡ್ಡ ಪಟ್ಟಿ ಸೇರುವ ಮೂಲೆಗಳಲ್ಲಿ ಕೆಸರು ಕೂತು ಗಟ್ಟಿಯಾಗುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಲೋಹ ‘ಟಣ್’ ಎನ್ನುತ್ತದೆ, ಕೊಳೆತದ್ದು ‘ದಬ್’ ಎನ್ನುತ್ತದೆ. ಚಾಸಿ ನಂಬರ್ ಕೊರೆದ ಜಾಗದಲ್ಲಿ ತುಕ್ಕು ಹಿಡಿದರೆ ಎರಡು ಕಷ್ಟ. ನಂಬರ್ ಓದಲು ಬರದ ಗಾಡಿಯ ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಯಲ್ಲಿ ತಕರಾರು ಏಳುತ್ತದೆ. ಅಲ್ಲಿ ಗ್ರೈಂಡರ್ ಹಿಡಿಯುವಂತಿಲ್ಲ, ವೆಲ್ಡಿಂಗ್ ಅಂತೂ ಕೂಡದು.

ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಚಾಸಿ ತೊಳೆದು ಒಣಗಿಸುವುದು, ಬಾಗಿಲಿನಡಿಯ ನೀರು ಹೋಗುವ ತೂತುಗಳಿಗೆ ಕಡ್ಡಿ ಹಾಕಿ ಸ್ವಚ್ಛ ಮಾಡುವುದು, ಟೊಳ್ಳು ಭಾಗಗಳಿಗೆ ಮೇಣದಂಥ ತುಕ್ಕುರೋಧಕ ಹೊಡೆಸುವುದು. ಖರ್ಚು ಕಡಿಮೆ, ಫಲ ಹೆಚ್ಚು. ಟಾರ್ಪಾಲ್ ಬಿಗಿಯಾಗಿ ಹೊದೆಸಿ ಬಯಲಲ್ಲಿ ನಿಲ್ಲಿಸುವುದು ಒಳ್ಳೆಯದಲ್ಲ. ಒಳಗಿನ ತೇವ ಹೊರಹೋಗದೆ ಬೆವರಿ ಇನ್ನಷ್ಟು ಹಾಳು. ನಾಲ್ಕೂ ಕಡೆ ಗಾಳಿಯಾಡುವ ಶೀಟಿನ ಮಾಡು ಸಾಕು.

ಸ್ಟಿಯರಿಂಗ್ ನಡುಗಿದರೆ?

ಹಳೇ ಜಿಪ್ಸಿ ಕೊಂಡವರ ಮೊದಲ ದೂರು ಸಾಮಾನ್ಯವಾಗಿ ಇದೇ. ಒಂದು ವೇಗಕ್ಕೆ ಬಂದಾಗ ಅಥವಾ ಗುಂಡಿಗೆ ಇಳಿದಾಗ ಸ್ಟಿಯರಿಂಗ್ ಗಡಗಡ ನಡುಗತೊಡಗುತ್ತದೆ. ಅನೇಕರು ಚಕ್ರ ಬ್ಯಾಲೆನ್ಸ್ ಮಾಡಿಸಿ ಸುಮ್ಮನಾಗುತ್ತಾರೆ. ಕಾರಣ ಬಹಳ ಸಲ ಮುಂದಿನ ಚಕ್ರದ ಕಿಂಗ್ ಪಿನ್ ಬೇರಿಂಗ್ ಸವೆದಿರುವುದು. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಸಡಿಲು ಕೈಗೆ ಗೊತ್ತಾಗುತ್ತದೆ. ಟೈರಾಡ್ ಎಂಡ್, ಲೀಫಿನ ಬುಶ್‌ಗಳೂ ಸವೆದಿದ್ದರೆ ನಡುಕ ಇನ್ನೂ ಜೋರು. ಇವನ್ನು ಒಟ್ಟಿಗೇ ಬದಲಿಸಿದರೆ ಗಾಡಿ ನೇರ ಓಡುತ್ತದೆ.

ಮುಂದಿನ ಚಕ್ರದ ಒಳಬದಿಯ ಗುಂಡು ಭಾಗದಲ್ಲಿ ಎಣ್ಣೆ ಸುರಿಯುತ್ತಿದ್ದರೆ ಆಕ್ಸಲ್‌ನ ಆಯಿಲ್ ಸೀಲ್ ಹೋಗಿದೆ ಎಂದರ್ಥ. ಗ್ರೀಸ್ ಇರಬೇಕಾದ ಜಾಗಕ್ಕೆ ಡಿಫರೆನ್ಷಿಯಲ್ ಎಣ್ಣೆ ನುಗ್ಗಿ ಬೇರಿಂಗನ್ನು ತೊಳೆದುಹಾಕುತ್ತದೆ. ಸೀಲಿನ ಬೆಲೆ ಅಲ್ಪ, ಉದಾಸೀನ ಮಾಡಿದರೆ ಆಗುವ ಖರ್ಚು ದೊಡ್ಡದು.

ಜಿಪ್ಸಿಯಲ್ಲಿ ಗೇರ್ ಬಾಕ್ಸ್ ಬೇರೆ, ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ. ಎರಡರ ನಡುವೆ ಗಿಡ್ಡ ಶಾಫ್ಟ್ ಇದೆ. ಈ ಟ್ರಾನ್ಸ್‌ಫರ್ ಕೇಸ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದರೆ ಗೇರ್ ಬದಲಿಸುವಾಗ ‘ಕಟಕ್’ ಶಬ್ದ, ನೆಲದಲ್ಲಿ ನಡುಕ. ಗೇರ್ ಬಾಕ್ಸೇ ಹೋಯಿತೆಂದು ಹೆದರಿ ಬಿಚ್ಚಿಸುವ ಮುನ್ನ ಈ ರಬ್ಬರ್ ಮತ್ತು ಶಾಫ್ಟಿನ ಕ್ರಾಸ್ ಬೇರಿಂಗ್ ನೋಡಿಸುವುದು ಜಾಣತನ. ಕ್ರಾಸ್‌ಗಳಿಗೆ ಕಾಲಕಾಲಕ್ಕೆ ಗ್ರೀಸ್ ಹೊಡೆಸಲೇಬೇಕು.

ಇನ್ನೊಂದು ತಪ್ಪು ಹೊಸಬರು ಮಾಡುವಂಥದ್ದು. ಒಣ ಡಾಂಬರು ರಸ್ತೆಯಲ್ಲಿ ‘ಫೋರ್ ವೀಲ್’ ಹಾಕಿ ಓಡಿಸುವುದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಸುತ್ತುವ ದೂರ ಬೇರೆ ಬೇರೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟು, ಗೇರುಗಳು ತಿರುಚಿಕೊಳ್ಳುತ್ತವೆ. ಕೆಸರು ದಾಟಿ ಟಾರು ರಸ್ತೆಗೆ ಬಂದ ಕೂಡಲೇ ಲಿವರ್ ಹಿಂದಕ್ಕೆ ಹಾಕಿಬಿಡಬೇಕು. ತೊರೆ ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಒಣಗಿಸಬೇಕು. ನೀರು ಆಳವಿದ್ದರೆ ಡಿಫರೆನ್ಷಿಯಲ್ ಎಣ್ಣೆ ಪರೀಕ್ಷಿಸಬೇಕು. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಕೂಡಲೇ ಬದಲಿಸಬೇಕು.

ಪೆಟ್ರೋಲ್ ಬದಲಾಗಿದೆ, ಎಚ್ಚರ!

2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. 1980-90ರ ದಶಕದ ಗಾಡಿಗಳ ರಬ್ಬರ್ ಪೈಪು, ವಾಷರ್, ಕಾರ್ಬೊರೇಟರ್ ಡಯಾಫ್ರಂಗಳು ಇದಕ್ಕೆಂದು ಮಾಡಿದವಲ್ಲ. ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರಿನಂಶ ತಳ ಸೇರಿ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಕಾರ್ಬೊರೇಟರಿನ ಸಣ್ಣ ಜೆಟ್‌ಗಳು ಕಟ್ಟಿಕೊಳ್ಳುತ್ತವೆ.

ಇದಕ್ಕೆ ಪರಿಹಾರ ದುಬಾರಿಯದ್ದೇನಲ್ಲ. ಹಳೇ ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಡೆಯುವ ಪೈಪಿಗೆ ಬದಲಿಸುವುದು, ಪೆಟ್ರೋಲ್ ಫಿಲ್ಟರ್ ಬೇಗ ಬೇಗ ಬದಲಿಸುವುದು, ಮತ್ತು ಮುಖ್ಯವಾಗಿ ಗಾಡಿ ಓಡಿಸುತ್ತಿರುವುದು. ಹತ್ತು ದಿನಕ್ಕೊಮ್ಮೆಯಾದರೂ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿದರೆ ಬ್ಯಾಟರಿ, ಬ್ರೇಕ್, ಸೀಲ್ ಎಲ್ಲವೂ ಆರೋಗ್ಯವಾಗಿರುತ್ತವೆ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮಾತ್ರ ಸ್ಟಾರ್ಟ್ ಮಾಡಲೇಬಾರದು. ಬಿರುಕು ಬಿಟ್ಟ ಪೈಪು ಬೆಂಕಿಗೆ ಕರೆ ಕೊಟ್ಟ ಹಾಗೆ.

ಮೇಕಪ್ ಬೇಡ, ಮೂಲರೂಪ ಇರಲಿ

ಹಳೇ ಜಿಪ್ಸಿ ಸಿಕ್ಕಿದ ಕೂಡಲೇ ದೊಡ್ಡ ಟೈರು, ಎತ್ತರದ ಸ್ಪ್ರಿಂಗ್, ಕಬ್ಬಿಣದ ಬಂಪರ್, ಸಾಲು ಸಾಲು ಲೈಟು ಹಾಕಿಸುವ ಹುಮ್ಮಸ್ಸು ಯುವಕರಲ್ಲಿ ಸಹಜ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ನಿಗದಿಪಡಿಸಿದ ಸ್ವರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಕಾನೂನು ಬದಿಗಿಟ್ಟರೂ ಲೆಕ್ಕಾಚಾರ ಮೂಲರೂಪದ ಪರವೇ ಇದೆ. ದೊಡ್ಡ ಟೈರು ಹಾಕಿದರೆ ಕಿಂಗ್ ಪಿನ್, ಆಕ್ಸಲ್, ಬ್ರೇಕ್ ಎಲ್ಲದರ ಮೇಲೂ ಭಾರ. ಒಂದು ಟನ್ನಿನ ಗಾಡಿಗೆ ಕ್ವಿಂಟಾಲುಗಟ್ಟಲೆ ಕಬ್ಬಿಣ ಹೇರಿದರೆ ಅದರ ಹಗುರತನದ ಗುಣವೇ ಹೋಯಿತು. ಬಣ್ಣ, ಲಾಂಛನ, ಸೀಟು, ಮೀಟರ್ ಮೂಲದಂತೇ ಇರುವ ಗಾಡಿಗೆ ವರ್ಷ ಕಳೆದಂತೆ ಬೆಲೆಯೂ ಹೆಚ್ಚು. ಬಿಚ್ಚಿದ ಹಳೇ ಬಿಡಿಭಾಗಗಳನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಅನುಭವಿಗಳ ರೂಢಿ. ಮುಂದೆ ಅದೇ ಮಾದರಿ ಸಿಗದಿದ್ದಾಗ ಹಳೆಯದನ್ನೇ ರಿಪೇರಿ ಮಾಡಬಹುದು.

ಎರಡನೇ ಶತ್ರು ಕಾಗದ

ಗಡಿಯಲ್ಲಿ ಗಾಡಿಗಿಂತ ಕಾಗದ ಭಾರ. ಕುಟ್ಟದಲ್ಲಿ ಕೊಂಡ ಕೆಎ-12 ಜಿಪ್ಸಿ ತಿರುನೆಲ್ಲಿಯ ಅಂಗಳಕ್ಕೆ ಬರಲು ಅರ್ಧ ಗಂಟೆ ಸಾಕಾಗಬಹುದು. ಅದರ ದಾಖಲೆ ಬರಲು ಅಷ್ಟು ಬೇಗ ಆಗುವುದಿಲ್ಲ. ಕಾಯ್ದೆಯ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ತೆರಿಗೆ, ದಂಡ, ಸಾಲದ ಬಾಕಿ ಯಾವುದೂ ಇರಬಾರದು. ಕಾಗದದಲ್ಲಿ ಹೆಸರಿರುವ ಮಾಲೀಕ ತೀರಿಹೋಗಿದ್ದು, ಮಕ್ಕಳು ಹೆಸರು ಬದಲಿಸದೆ ಗಾಡಿ ಮಾರಿದ್ದರೆ ಕೊಂಡವನ ಪಾಡು ಹೇಳತೀರದು.

ಖಾಸಗಿ ಗಾಡಿಗೆ 15 ವರ್ಷ ತುಂಬಿದರೆ ಗುಜರಿಗೇ ಹಾಕಬೇಕು ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಕೇರಳ, ಕರ್ನಾಟಕಗಳಲ್ಲಿ ಹಾಗಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಶುಲ್ಕ ಮಾತ್ರ ಏರುತ್ತಾ ಹೋಗಿದೆ. ಕಾರಿನ ನವೀಕರಣಕ್ಕೆ 600 ರೂ. ಇದ್ದದ್ದು 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. 20 ವರ್ಷ ದಾಟಿದ ಕಾರುಗಳಿಗೆ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂ. ನಿಗದಿಪಡಿಸಿತು. ಆಮದು ಮಾಡಿದ ಕಾರಾದರೆ 80,000 ರೂ! ಜಪಾನಿನಲ್ಲೇ ಹುಟ್ಟಿದ ಹಳೇ ಸ್ಪೋರ್ಟ್ಸ್ ಕಾರಿಗೂ ಗುರಗಾಂವ್‌ನಲ್ಲಿ ಹುಟ್ಟಿದ ಜಿಪ್ಸಿಗೂ ಇಲ್ಲಿ ಎಂಟು ಪಟ್ಟು ವ್ಯತ್ಯಾಸ. ಇದರ ಮೇಲೆ ರಾಜ್ಯದ ತೆರಿಗೆ, ಹಸಿರು ತೆರಿಗೆ ಬೇರೆ. ಶುಲ್ಕಗಳು ಆಗಾಗ ಬದಲಾಗುವುದರಿಂದ ಅವಧಿ ಮುಗಿಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

‘ವಿಂಟೇಜ್’ ಎಂದು ಬರೆಸಿಕೊಂಡರೆ ಆಗದೇ? ಅದಕ್ಕೂ ನಿಯಮವಿದೆ. 2021ರ ಜುಲೈನ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕಳೆದುಕೊಳ್ಳದ ವಾಹನಕ್ಕೆ ಮಾತ್ರ ‘ವಿಎ’ ಅಕ್ಷರದ ವಿಶೇಷ ಸಂಖ್ಯೆ. ಮೊದಲ ನೋಂದಣಿಗೆ 20,000 ರೂ., ಹತ್ತು ವರ್ಷದ ಮಾನ್ಯತೆ. ಆದರೆ ಆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸುವುದು ಮುಂತಾದವಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ.

ಬಾಗಿಲು ಮುಚ್ಚಿದ ಹರಾಜು

ಈ ಮೊದಲು ಸರ್ಕಾರಿ ಇಲಾಖೆಗಳು, ಸೇನೆ ಹಳೇ ಜಿಪ್ಸಿಗಳನ್ನು ಹರಾಜು ಹಾಕಿದಾಗ ಕೊಂಡು ಜೋಡಿಸಿ ಓಡಿಸುವವರಿದ್ದರು. ಅಂಥ ಗಾಡಿಗಳಿಂದಲೇ ಎಷ್ಟೋ ಜಿಪ್ಸಿಗಳಿಗೆ ಮರುಜೀವ ಬಂದಿದೆ. 2023ರ ನಿಯಮದ ನಂತರ 15 ವರ್ಷ ಮೀರಿದ ಸರ್ಕಾರಿ ವಾಹನ ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ರಕ್ಷಣೆ, ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗಷ್ಟೇ ವಿನಾಯಿತಿ. ಹೊಗೆ ಉಗುಳುವ ಹಳೇ ವಾಹನ ರಸ್ತೆಯಿಂದ ಹೋಗಲಿ ಎಂಬ ಉದ್ದೇಶ ಸರಿಯೇ. ಆದರೆ ಬಿಡಿಭಾಗಕ್ಕೆ ಹಳೇ ಗಾಡಿಗಳನ್ನೇ ನಂಬಿದ್ದವರಿಗೆ ಒಂದು ದಾರಿ ಕಡಿಮೆಯಾಯಿತು.

ಹಾಗೆಂದು ಕೈ ಚೆಲ್ಲುವಂತಿಲ್ಲ. ದಶಕಗಳ ಕಾಲ ತಯಾರಾದ ಗಾಡಿಯಾದ್ದರಿಂದ ಸೀಲು, ಬೇರಿಂಗು, ಕ್ಲಚ್ ಪ್ಲೇಟು, ಬ್ರೇಕ್ ಶೂಗಳಂಥವು ಇನ್ನೂ ಸಿಗುತ್ತವೆ. 1.3 ಲೀಟರ್ ಇಂಜಿನ್ ಮಾರುತಿ ಎಸ್ಟೀಮ್‌ನದೇ ಕುಟುಂಬದ್ದು. 970 ಸಿ.ಸಿ.ಯ ಹಳೇ ಮಾದರಿಯ ಕೆಲವು ಭಾಗಗಳಿಗೆ ಮಾತ್ರ ಹುಡುಕಾಟ ಹೆಚ್ಚು.

ಕೊಳ್ಳುವ ಮುನ್ನ ನೋಡಿ

* ಆರ್.ಸಿ.ಯಲ್ಲಿರುವ ಚಾಸಿ, ಇಂಜಿನ್ ನಂಬರ್ ಗಾಡಿಯಲ್ಲಿರುವ ನಂಬರಿಗೆ ಹೊಂದುತ್ತದೆಯೇ?
* ಮಾರುವವರ ಹೆಸರಲ್ಲೇ ಆರ್.ಸಿ. ಇದೆಯೇ? ನವೀಕರಣದ ಅವಧಿ ಎಂದಿನವರೆಗೆ?
* ಮ್ಯಾಟ್ ಎತ್ತಿ ನೆಲ ನೋಡಿ. ಹೊಸ ಪೇಂಟ್ ಇದ್ದರೆ ಅನುಮಾನಿಸಿ. ಅಯಸ್ಕಾಂತ ಅಂಟದ ಕಡೆ ಒಳಗೆ ಪಟ್ಟಿ ತುಂಬಿದೆ ಎಂದರ್ಥ.
* ಚಾಸಿಗೆ ವೆಲ್ಡಿಂಗ್ ಆಗಿದೆಯೇ? ಎಲ್ಲಿ?
* ಮಣ್ಣು ಜಾಗದಲ್ಲಿ ಫೋರ್ ವೀಲ್, ಲೋ ಗೇರ್ ಎರಡೂ ಬೀಳುತ್ತವೆಯೇ?
* ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು? ದಾಖಲೆ ಇಲ್ಲದಿದ್ದರೆ ಮೊದಲು ಅದನ್ನೇ ಬದಲಿಸಿ.

ಓಡಿಸುವ ಸುಖ

ಇಷ್ಟೆಲ್ಲ ಕಷ್ಟಪಟ್ಟು ಜೋಡಿಸಿದ ಜಿಪ್ಸಿಯಲ್ಲಿ ಸುಖವೇನಿದೆ ಎಂದು ಹೊಸ ಕಾರಿನವರು ಕೇಳಬಹುದು. ಲೀಫ್ ಸ್ಪ್ರಿಂಗಿನ ಗಾಡಿ, ಗುಂಡಿ ಬಂದರೆ ಸೊಂಟಕ್ಕೆ ತಿಳಿಯುತ್ತದೆ. ಹಿಂದೆ ಅಡ್ಡ ಸೀಟು. ಪೆಟ್ರೋಲ್ ಕುಡಿಯುವುದರಲ್ಲೂ ಧಾರಾಳಿ. ಆದರೂ ಹುಡ್ ಬಿಚ್ಚಿ, ಬೆಳಗಿನ ಮಂಜಿನಲ್ಲಿ ಅಪ್ಪಪಾರೆಯ ಕಡೆಯಿಂದ ತಿರುನೆಲ್ಲಿಗೆ ಬರುವಾಗ ಕಾಡಿನ ವಾಸನೆ, ಹಕ್ಕಿಯ ಕೂಗು, ಇಂಜಿನ್ನಿನ ಸಣ್ಣ ಗುಂಯ್‌ಗುಡುವಿಕೆ ಒಟ್ಟಿಗೆ ಕಿವಿಗೆ ಬೀಳುವುದು ಇಂಥ ಗಾಡಿಯಲ್ಲೇ. ತೆಟ್ಟು ರೋಡಿನಲ್ಲಿ ನಿಲ್ಲಿಸಿ ಬಿಸಿ ಉಣ್ಣಿಯಪ್ಪ, ಚಹಾ ಮುಗಿಸುವಷ್ಟರಲ್ಲಿ ‘ಯಾವ ವರ್ಷದ್ದು? ಕೊಡ್ತೀರಾ?’ ಎಂದು ಕೇಳುವವರೂ ಬರುತ್ತಾರೆ.

ಆದರೆ ಸುಖಕ್ಕೂ ಗಡಿ ಇದೆ. ಈ ಪ್ರದೇಶ ವಯನಾಡ್ ವನ್ಯಜೀವಿಧಾಮ, ನಾಗರಹೊಳೆ, ಬ್ರಹ್ಮಗಿರಿ ಕಾಡುಗಳು ಕೂಡುವ ಜಾಗ. ಫೋರ್ ವೀಲ್ ಇದೆಯೆಂದು ಕಾಡಿನ ದಾರಿಗೆ ನುಗ್ಗಿಸಿದರೆ ವನ್ಯಜೀವಿ ಕಾಯ್ದೆಯಡಿ ಕೇಸು, ಗಾಡಿ ಮುಟ್ಟುಗೋಲು. ಕಷ್ಟಪಟ್ಟು ಉಳಿಸಿದ ಜಿಪ್ಸಿ ಠಾಣೆಯ ಅಂಗಳದಲ್ಲಿ ಮಳೆಗೆ ನೆನೆದರೆ ಮತ್ತೆ ತುಕ್ಕಿಗೇ ಊಟ. ಕೆಸರಿನ ಆಟ ಬೇಕಿದ್ದರೆ ಮಾಲೀಕರ ಒಪ್ಪಿಗೆಯಿರುವ ತೋಟ, ಗದ್ದೆಯಲ್ಲಿ ಆಗಬೇಕು. ಬಾವಲಿ ಮೂಲಕ ಮೈಸೂರಿಗೆ ಹೋಗುವ ಕಾಡು ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಅದು ತಪ್ಪಿದವರು ಕುಟ್ಟ-ಗೋಣಿಕೊಪ್ಪ ದಾರಿ ಹಿಡಿಯಬೇಕು. ಆನೆ ಎದುರಾದರೆ ಹಾರ್ನ್ ಹೊಡೆಯದೆ, ಇಂಜಿನ್ ಏರಿಸದೆ, ದೂರದಲ್ಲೇ ನಿಂತು ಅದಕ್ಕೆ ದಾರಿ ಬಿಡಬೇಕು. ಬಟ್ಟೆ ಹುಡ್ಡಿನ ಗಾಡಿಯಲ್ಲಂತೂ ಈ ಮಾತು ಮರೆಯುವಂತೆಯೇ ಇಲ್ಲ.

1985ರ ಡಿಸೆಂಬರ್‌ನಲ್ಲಿ ಹೊರಬಂದ ಮೊದಲ ಜಿಪ್ಸಿಗಳಿಗೆ 50 ತುಂಬುವುದು 2035ರ ಡಿಸೆಂಬರ್‌ಗೆ. ಆಗಷ್ಟೇ ಅವು ಸರ್ಕಾರದ ಲೆಕ್ಕದಲ್ಲಿ ‘ವಿಂಟೇಜ್’. ಅಷ್ಟರೊಳಗೆ ಬ್ರಹ್ಮಗಿರಿಯ ಮಳೆ ಪ್ರತಿವರ್ಷ ಬಂದು ಹೋಗುತ್ತದೆ, ನವೀಕರಣದ ಕಾಗದವೂ ಐದು ವರ್ಷಕ್ಕೊಮ್ಮೆ ಬಂದು ನಿಲ್ಲುತ್ತದೆ. ಮಳೆಗಾಲ ಮುಗಿದ ಕೂಡಲೇ ಟಾರ್ಚ್ ಹಿಡಿದು ಗಾಡಿಯಡಿ ಮಲಗಿ ಚಾಸಿ ನೋಡುವವರ, ಆರ್.ಸಿ.ಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವವರ ಜಿಪ್ಸಿಗಳು ಆ ಡಿಸೆಂಬರ್ ಕಾಣುತ್ತವೆ.